ಏಳು ದಿನದಲ್ಲಿ ಹಾಯಿದೋಣಿಯಲ್ಲಿ ಸ್ಯಾಂಟೊರಿನಿ ಮುಟ್ಟಿ ಬರಬಹುದಾ? ಅಪ್ಪ ಅಮ್ಮನೂ ಜೊತೆಗಿರುತ್ತಾರೆ

ಐಂಡ್‌ಹೋವನ್ ಹೈದ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಇವತ್ತು ಒಂದು ಪ್ರಶ್ನೆ ಇದೆ.

ಹೋದ ವರ್ಷ ಇಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿ ಹಾಯಿದೋಣಿ ನಡೆಸುವುದು ಕಲಿತು ಐಸಿಸಿ (ಬೇರೆ ದೇಶಗಳಲ್ಲೂ ದೋಣಿ ನಡೆಸಲು ಬೇಕಾಗುವ ಅಂತರರಾಷ್ಟ್ರೀಯ ಪ್ರಮಾಣಪತ್ರ) ಲೈಸೆನ್ಸ್ ತೆಗೆದುಕೊಂಡೆ. ಓಡಿಸಿದ್ದೆಲ್ಲ ಐಸೆಲ್‌ಮೇರ್ ಅನ್ನೋ ದೊಡ್ಡ ಕೆರೆಯಲ್ಲಿ. ಆಗಸ್ಟ್ ಎರಡನೇ ವಾರ ಗ್ರೀಸ್‌ಗೆ ಹೋಗಿ 38 ಅಡಿಯ ದೋಣಿ ಬಾಡಿಗೆಗೆ ಹಿಡಿಯುವ ಯೋಚನೆ. ಸ್ಕಿಪ್ಪರ್ ಬೇಡ, ನಾನೇ ನಡೆಸುತ್ತೇನೆ. ಹೆಂಡತಿ, ಒಂಬತ್ತು ವರ್ಷದ ಮಗಳು, ಮೈಸೂರಿನಿಂದ ಬರುವ ಅಪ್ಪ ಅಮ್ಮ, ಒಟ್ಟು ಐದು ಜನ. ಅಥೆನ್ಸ್‌ನ ಅಲಿಮೋಸ್ ಮರೀನಾದಿಂದ (ವಿಹಾರ ದೋಣಿಗಳ ಬಂದರು) ಹೊರಟು ಮಿಕೊನೋಸ್, ಪಾರೋಸ್, ಸ್ಯಾಂಟೊರಿನಿ ದ್ವೀಪಗಳನ್ನು ನೋಡಿಕೊಂಡು ವಾಪಸ್. ಏಳು ದಿನ. ಮ್ಯಾಪಿನಲ್ಲಿ ಎಲ್ಲ ಪಕ್ಕಪಕ್ಕದಲ್ಲೇ ಕಾಣಿಸುತ್ತವೆ. ಮುಂಗಡ ಇನ್ನೂ ಕಟ್ಟಿಲ್ಲ. ಆಗುತ್ತಾ?

ಲಂಗರು ರಂಗಣ್ಣ

ಹೈದರೇ, ಮುಂಗಡ ಕಟ್ಟಿಲ್ಲ ಅಂದಿರಲ್ಲ, ಒಳ್ಳೆಯದಾಯ್ತು. ಕಟ್ಟಬೇಡಿ.

ಮೊದಲು ಲೆಕ್ಕ ಹಾಕೋಣ. ನೀವು ಹೇಳಿದ ಸುತ್ತು 250 ನಾಟಿಕಲ್ ಮೈಲಿಗೂ ಜಾಸ್ತಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. 38 ಅಡಿಯ ದೋಣಿ ಗಂಟೆಗೆ ಸರಾಸರಿ ಐದು ಮೈಲಿ ಹೋದರೆ ಪುಣ್ಯ. ಅಂದರೆ ಐವತ್ತು ಗಂಟೆ ಬರೀ ಪ್ರಯಾಣ. ಏಳು ದಿನ ಅನ್ನೋದೂ ಹೆಸರಿಗೆ ಮಾತ್ರ. ಶನಿವಾರ ಸಂಜೆ ಐದಕ್ಕೆ ದೋಣಿ ಕೈಗೆ ಕೊಡುತ್ತಾರೆ, ಶುಕ್ರವಾರ ಸಂಜೆ ಮರೀನಾಗೆ ತಂದು ಕಟ್ಟಬೇಕು. ಕೈಯಲ್ಲಿ ಉಳಿಯುವುದು ಆರು ಹಗಲು. ದಿನಕ್ಕೆ ಎಂಟು ಗಂಟೆ ದೋಣಿಯಲ್ಲೇ ಇದ್ದರೆ ದ್ವೀಪ ನೋಡೋದು ಯಾವಾಗ?

ಇದು ಗಾಳಿ ನಿಮ್ಮ ಮಾತು ಕೇಳಿದರೆ. ಆಗಸ್ಟ್‌ನಲ್ಲಿ ಕೇಳುವುದಿಲ್ಲ. ಅಲ್ಲಿ ಮೆಲ್ಟೆಮಿ ಅಂತ ಒಂದು ಬಡಗಣ ಗಾಳಿ ಇದೆ. ಬೇಸಿಗೆಯಲ್ಲಿ ಬಾಲ್ಕನ್ ಕಡೆ ವಾಯುಭಾರ ಜಾಸ್ತಿ, ಟರ್ಕಿ ಕಡೆ ಕಡಿಮೆ. ಇವೆರಡರ ನಡುವೆ ಸಿಕ್ಕಿ ಏಜಿಯನ್ ಸಮುದ್ರದ ಉದ್ದಕ್ಕೂ ಗಾಳಿ ಉತ್ತರದಿಂದ ದಕ್ಷಿಣಕ್ಕೆ ನುಗ್ಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರದೇ ರಾಜ್ಯ. ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಲೆಕ್ಕದಲ್ಲಿ 5, 6 ಮಾಮೂಲು. 7 ಆದರೂ ಯಾರೂ ಆಶ್ಚರ್ಯಪಡುವುದಿಲ್ಲ. 7 ಅಂದರೆ ಗಂಟೆಗೆ 50ರಿಂದ 60 ಕಿಲೋಮೀಟರ್. ಒಮ್ಮೆ ಹಿಡಿದರೆ ಒಂದೇ ದಿನಕ್ಕೆ ಬಿಡಬಹುದು, ವಾರವಾದರೂ ಬಿಡದೇ ಇರಬಹುದು.

ಈಗ ನಿಮ್ಮ ಮ್ಯಾಪ್ ಮತ್ತೆ ನೋಡಿ. ಅಥೆನ್ಸ್‌ನಿಂದ ಸ್ಯಾಂಟೊರಿನಿ ಆಗ್ನೇಯಕ್ಕಿದೆ. ಹೋಗುವಾಗ ಗಾಳಿ ಬೆನ್ನ ಕಡೆ, ಸೈಕಲ್‌ನಲ್ಲಿ ಚಾಮುಂಡಿ ಬೆಟ್ಟ ಇಳಿದ ಹಾಗೆ. ಬರುವಾಗ ಅದೇ ಬೆಟ್ಟ ಹತ್ತಬೇಕು, ಅದೂ ಶುಕ್ರವಾರ ಸಂಜೆಯೊಳಗೆ, ಅಮ್ಮನನ್ನು ಹಿಂದೆ ಕೂರಿಸಿಕೊಂಡು. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗೋದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಅಡ್ಡಡ್ಡ ಹೋಗಿ 30 ಮೈಲಿಯ ದಾರಿಗೆ 45 ಮೈಲಿ ಸವೆಸಬೇಕು. ಎಂಜಿನ್ ಹಾಕಿದರೂ ಎರಡು ಮೀಟರ್ ಅಲೆಗೆ ದೋಣಿ ಮುಗ್ಗರಿಸುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ಸ್ಯಾಂಟೊರಿನಿಯ ಫೋಟೋದಲ್ಲಿ ಕಾಣುವ ಆ ನೀಲಿ ನೀರು ಜ್ವಾಲಾಮುಖಿಯ ಬಾಯಿ. ನೂರಾರು ಮೀಟರ್ ಆಳ. ನಿಮ್ಮ ದೋಣಿಯಲ್ಲಿರುವ ಸರಪಳಿ 50, 60 ಮೀಟರ್. ಲಂಗರು ಎಲ್ಲಿ ಹಾಕುತ್ತೀರಿ? ತೆಂಕು ತುದಿಯಲ್ಲಿ ವ್ಲಿಹಾಡ ಅನ್ನೋ ಪುಟ್ಟ ಮರೀನಾ ಇದೆ, ಆಗಸ್ಟ್‌ನಲ್ಲಿ ಅಲ್ಲಿ ಜಾಗ ಸಿಗೋದು ಅದೃಷ್ಟ.

ಸರೋನಿಕ್ ಕೊಲ್ಲಿಗೆ ಹೋಗಿ. ಅದೇ ಅಲಿಮೋಸ್‌ನಿಂದಲೇ ಹೊರಡಬಹುದು. ಈಜಿನಾ, ಪೋರೋಸ್, ಹಿದ್ರಾ ದ್ವೀಪಗಳು, ಎಪಿದಾವ್ರೋಸ್ ಊರು. ಒಂದೊಂದಕ್ಕೂ ನಡುವೆ ಹತ್ತರಿಂದ ಹದಿನೈದು ಮೈಲಿ. ಸುತ್ತ ನೆಲ ಇರುವುದರಿಂದ ಮೆಲ್ಟೆಮಿಯ ಹೊಡೆತವೂ ಕಡಿಮೆ.

ಬಸವನಗುಡಿ ಬುದ್ಧಿವಂತ

ಇಷ್ಟೆಲ್ಲ ಯಾಕೆ ಗುರುಗಳೇ, ಫೆರ್ರಿ ಹತ್ತಿ. ಸ್ಯಾಂಟೊರಿನಿಗೆ ಅದೇ ದಿನ ತಲುಪುತ್ತೀರಿ, ಒಳಗೆ ಕಾಫಿನೂ ಸಿಗುತ್ತೆ.

ಲಂಗರು ರಂಗಣ್ಣ

ಬುದ್ಧಿವಂತರೇ, ಸ್ಯಾಂಟೊರಿನಿ ನೋಡಲೇಬೇಕು ಅಂದರೆ ನಿಮ್ಮ ಮಾತೇ ಸರಿ, ಅದರಲ್ಲಿ ತಮಾಷೆ ಏನೂ ಇಲ್ಲ. ದೋಣಿಯಲ್ಲೇ ಇರಬೇಕು ಅನ್ನುವವರ ಲೆಕ್ಕ ಬೇರೆ. ಗಾಳಿ ತೀರಾ ಜಾಸ್ತಿಯಾದರೆ ಫೆರ್ರಿಯನ್ನೂ ಬಂದರಿನಲ್ಲೇ ನಿಲ್ಲಿಸುತ್ತಾರೆ ಅನ್ನೋದು ನೆನಪಿರಲಿ.

ಮಲ್ಪೆ ಮಾಣಿ

ರಂಗಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಸರಕು ಹಡಗಿನಲ್ಲಿ ಎಂಜಿನಿಯರ್. ಕಪ್ಪು ಸಮುದ್ರಕ್ಕೆ ಹೋಗುವಾಗ ಏವಿಯಾ ಮತ್ತು ಆಂದ್ರೋಸ್ ದ್ವೀಪಗಳ ನಡುವೆ ಹಾಯುತ್ತೇವೆ. ಕಾವೊ ದೋರೊ ಅಂತಾರೆ ಆ ಜಾಗಕ್ಕೆ. ಅಷ್ಟು ದೊಡ್ಡ ಹಡಗಿನಲ್ಲೂ ಟೇಬಲ್ ಮೇಲಿನ ಲೋಟ ನಿಲ್ಲುತ್ತಿರಲಿಲ್ಲ. ಆವತ್ತು ಆಕಾಶ ಹೇಗಿತ್ತು ಗೊತ್ತಾ? ಒಂದು ತುಂಡು ಮೋಡ ಇಲ್ಲ.

ನಮ್ಮ ಕಡೆಯವರಿಗೆ ಅದೇ ಮೋಸ. ನಮ್ಮಲ್ಲಿ ಮಳೆಗಾಲದ ಗಾಳಿ ಬರುವ ಮುಂಚೆ ಪಡುವಣ ಕಪ್ಪಾಗುತ್ತದೆ, ಸೆಕೆ ಆಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವ ಹಾಗೂ ಇಲ್ಲ. ಅಲ್ಲಿ ಹಾಗಲ್ಲ. ಬಿಸಿಲು ಫಳಫಳ ಅನ್ನುತ್ತಿರುತ್ತದೆ, ಕಡಲು ಮಾತ್ರ ಬೆಳ್ಳಗೆ ನೊರೆ ಕಾರುತ್ತಿರುತ್ತದೆ. ಮೋಡ ನೋಡಿ ಲೆಕ್ಕ ಹಾಕಬೇಡಿ, ಮುನ್ಸೂಚನೆ ನೋಡಿ.

ಒಂದು ಪ್ರಶ್ನೆ: ಇಷ್ಟು ಸಣ್ಣ ದೋಣಿಗೆ ಅಲ್ಲಿ ಉಬ್ಬರ ಇಳಿತದ ಲೆಕ್ಕ ಬೇಕಾ? ಇನ್ನೊಂದು, ದೋಣಿ ಕಟ್ಟುವ ಕಟ್ಟೆಗೆ ಎಲ್ಲರೂ ಕೀ, ಜೆಟ್ಟಿ ಅನ್ನುತ್ತಾರಲ್ಲ. ಧಕ್ಕೆ ಅನ್ನಿ ಮಾರಾಯ್ರೆ, ನಮ್ಮದೇ ಪದ ಇದೆ.

ಲಂಗರು ರಂಗಣ್ಣ

ಧಕ್ಕೆ, ಒಪ್ಪಿದೆ. ಉಬ್ಬರ ಇಳಿತ ಅಲ್ಲಿ ಲೆಕ್ಕಕ್ಕೇ ಇಲ್ಲ ಅನ್ನಬಹುದು, ಒಂದು ಗೇಣು ಏರಿ ಇಳಿದರೆ ಹೆಚ್ಚು. ಹಾಲ್ಕಿದಾ ಊರಿನ ಎವ್ರಿಪೋಸ್ ಜಲಸಂಧಿ ಮಾತ್ರ ಬೇರೆ. ಅಲ್ಲಿ ನೀರು ನದಿಯ ಹಾಗೆ ಹರಿಯುತ್ತದೆ, ದಿನಕ್ಕೆ ಹಲವು ಸಲ ದಿಕ್ಕು ಬದಲಿಸುತ್ತದೆ. ಹೈದರ ದಾರಿಗೆ ಅದು ಬರಲ್ಲ.

ಐಂಡ್‌ಹೋವನ್ ಹೈದ

ಎಲ್ಲರಿಗೂ ಥ್ಯಾಂಕ್ಸ್. ಸ್ವಲ್ಪ ಬೇಜಾರಾಯ್ತು, ಆದರೂ ಸರಿ. ಸರೋನಿಕ್‌ಗೇ ಹೋಗುತ್ತೇವೆ. ಅಪ್ಪ ಅಮ್ಮನ ಟಿಕೆಟ್ ಸೆಪ್ಟೆಂಬರ್ ಮೂರನೇ ವಾರಕ್ಕೆ ತಳ್ಳಿದ್ದೇನೆ. ದೋಣಿ ನಡೆಸುವುದು ಧೈರ್ಯ ಇದೆ. ಧಕ್ಕೆಗೆ ಕಟ್ಟುವುದೇ ಭಯ. ನಮ್ಮ ಕೆರೆಯಲ್ಲಿ ಪಕ್ಕಕ್ಕೆ ತಾಗಿಸಿ ಕಟ್ಟಿದರೆ ಮುಗೀತು. ಅಲ್ಲಿ ಹಿಂದೆ ಹಿಂದೆ ಹೋಗಬೇಕಂತಲ್ಲ?

ಲಂಗರು ರಂಗಣ್ಣ

ಈಗ ಸರಿಯಾದ ಪ್ರಶ್ನೆ ಕೇಳಿದಿರಿ. ಗ್ರೀಸ್‌ನಲ್ಲಿ ಹಾಯಿ ಬಿಚ್ಚುವುದಕ್ಕಿಂತ ಲಂಗರು ಹಾಕುವುದೇ ನಿಜವಾದ ಪರೀಕ್ಷೆ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳು ರಿವರ್ಸ್‌ನಲ್ಲಿ ಬಂದು ಸಾಲಾಗಿ ನಿಲ್ಲುತ್ತವಲ್ಲ, ಹಾಗೆ. ಧಕ್ಕೆಗೆ ಬೆನ್ನು ಮಾಡಿ, ನಾಲ್ಕು ದೋಣಿಯಷ್ಟು ದೂರದಲ್ಲಿ ಮೂತಿಯಿಂದ ಲಂಗರು ಬಿಡಬೇಕು. ಆಮೇಲೆ ನಿಧಾನವಾಗಿ ಹಿಂದೆ ಬರುತ್ತಾ ಸರಪಳಿ ಬಿಡುತ್ತಾ ಇರಬೇಕು. ಎರಡು ದೋಣಿ ನಡುವೆ ತೂರಿಕೊಂಡು, ಹಿಂದಿನ ಎರಡು ಮೂಲೆಯಿಂದ ಹಗ್ಗ ಎಸೆದು ಕಟ್ಟಬೇಕು. ಕಟ್ಟಿದ ಮೇಲೆ ಸರಪಳಿ ಬಿಗಿ ಮಾಡಿ. ಲಂಗರು ಕಚ್ಚಿದ್ದರೆ ದೋಣಿ ಅಲ್ಲಾಡದೆ ನಿಲ್ಲುತ್ತದೆ. ಸರಪಳಿ ಬರುತ್ತಲೇ ಇದ್ದರೆ ಲಂಗರು ಜಾರುತ್ತಿದೆ ಅಂತ. ನಾಚಿಕೆ ಪಡದೆ ಬಿಚ್ಚಿ ಮತ್ತೆ ಮಾಡಿ. ಧಕ್ಕೆ ಮೇಲೆ ಕಾಫಿ ಕುಡಿಯುವವರೆಲ್ಲ ನಿಮ್ಮನ್ನೇ ನೋಡುತ್ತಿರುತ್ತಾರೆ. ನೋಡಲಿ ಬಿಡಿ, ಅವರಿಗೂ ಟೈಂಪಾಸ್ ಬೇಕಲ್ಲ.

ಕೊಲ್ಲಿಯಲ್ಲಿ ಲಂಗರು ಹಾಕುವಾಗ ನೀರಿನ ಬಣ್ಣ ನೋಡಿ. ಕಪ್ಪಗೆ ಕಂಡರೆ ಕಡಲ ಹುಲ್ಲು, ಪೊಸಿಡೋನಿಯ ಅಂತ. ಲಂಗರು ಅದರ ಮೇಲೆ ಜಾರುತ್ತದೆ, ಹುಲ್ಲಿಗೂ ಹಾನಿ. ತಿಳಿ ಹಸಿರು ಕಂಡರೆ ಮರಳು, ಅಲ್ಲಿ ಬಿಡಿ. ನೀರು ಐದು ಮೀಟರ್ ಆಳ ಇದ್ದರೆ 25 ಮೀಟರ್ ಸರಪಳಿ ಬೇಕು. ರಾತ್ರಿ ಅನುಮಾನ ಬಂದರೆ ಬರಿಗಾಲಿನಲ್ಲಿ ಸರಪಳಿ ಮೆಟ್ಟಿ ನಿಲ್ಲಿ. ಕಚ್ಚಿದ್ದರೆ ಸುಮ್ಮನಿರುತ್ತದೆ. ಜಾರುತ್ತಿದ್ದರೆ ಪಾದಕ್ಕೆ ಗರಗರ ಅಂತ ನಡುಕ ತಾಗುತ್ತದೆ. ಕಿಥ್ನೋಸ್ ದ್ವೀಪದ ಕೊಲೋನಾದಲ್ಲಿ ರಾತ್ರಿ ಎರಡು ಗಂಟೆಗೆ ನನಗೆ ಆ ನಡುಕ ತಾಗಿತ್ತು. ಎದ್ದು ನೋಡಿದರೆ ಸಂಜೆ ದೂರದಲ್ಲಿದ್ದ ಕೆಟಮರಾನ್‌ನ ಅಡುಗೆಮನೆಯ ದೀಪ ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಹತ್ತಿರ ಹೋಗಿದ್ದು ನಾವು.

ಹಿದ್ರಾದಲ್ಲಿ ಇನ್ನೊಂದು ಫಜೀತಿ. ಪುಟ್ಟ ಬಂದರು, ಮೂರು ಸಾಲಾಗಿ ದೋಣಿ ಕಟ್ಟುತ್ತಾರೆ, ಲಂಗರುಗಳೆಲ್ಲ ಕೆಳಗೆ ಒಂದರ ಮೇಲೊಂದು. ಬೆಳಗ್ಗೆ ಎತ್ತಿದರೆ ನಿಮ್ಮ ಲಂಗರಿನ ಜೊತೆ ಬೇರೆಯವರ ಸರಪಳಿಯೂ ಬರುತ್ತದೆ. ಗಾಬರಿ ಬೇಡ. ಅದು ನೀರಿನ ಮೇಲೆ ಕಾಣುವವರೆಗೆ ಎತ್ತಿ. ಒಂದು ಹಗ್ಗವನ್ನು ಆ ಸರಪಳಿಯ ಕೆಳಗಿನಿಂದ ತೂರಿಸಿ ಎರಡೂ ತುದಿ ನಿಮ್ಮ ದೋಣಿಗೇ ಕಟ್ಟಿ. ಈಗ ನಿಮ್ಮ ಲಂಗರನ್ನು ಒಂದು ಮೀಟರ್ ಕೆಳಗೆ ಬಿಡಿ. ಅವರ ಸರಪಳಿ ಹಗ್ಗದಲ್ಲಿ ನೇತಾಡುತ್ತದೆ, ನಿಮ್ಮದು ಬಿಡಿಸಿಕೊಳ್ಳುತ್ತದೆ. ಸ್ವಲ್ಪ ಹಿಂದೆ ಸರಿದು ಹಗ್ಗದ ಒಂದು ತುದಿ ಬಿಟ್ಟರೆ ಆಯ್ತು. ಯಾವ ಕಾರಣಕ್ಕೂ ಸರಪಳಿ ನಡುವೆ ಕೈ ಹಾಕಬೇಡಿ.

ಕಡಲ ಕಾಗೆ

ಡಿಪಾಸಿಟ್ ಬಗ್ಗೆ ಯಾರೂ ಹೇಳಿಲ್ಲ. ಎರಡು ವರ್ಷದ ಹಿಂದೆ ನಾವು 2,000 ಯೂರೋ ಇಟ್ಟಿದ್ದೆವು. ವಾಪಸ್ ಕೊಡುವಾಗ ಮುಳುಗುಗಾರ ನೀರಿಗಿಳಿದು ಚುಕ್ಕಾಣಿಯಲ್ಲಿ ಗೀರು ಇದೆ ಅಂದ. ಹಳೆಯದು ಅಂತ ನಾವು, ಹೊಸದು ಅಂತ ಅವರು. 600 ಹೋಯಿತು. ಕಂಪನಿ ಹೆಸರು ಹೇಳಲ್ಲ, ಪ್ರಯೋಜನ ಇಲ್ಲ. ದೋಣಿ ಕೈಗೆ ತೆಗೆದುಕೊಳ್ಳುವ ದಿನವೇ ಈಜುಗನ್ನಡಕ ಹಾಕಿಕೊಂಡು ಕೆಳಗೆ ಇಳಿದು ವಿಡಿಯೋ ಮಾಡಿಕೊಳ್ಳಿ. ಹಾಯಿಯ ಅಂಚು, ಡಿಂಗಿ (ಜೊತೆಗೆ ಕೊಡುವ ಪುಟ್ಟ ದೋಣಿ), ಅದರ ಮೋಟಾರು, ಎಲ್ಲದರದ್ದೂ.

ಮತ್ತೆ ಲೈಸೆನ್ಸ್ ನಿಮ್ಮೊಬ್ಬರ ಹತ್ತಿರ ಇದ್ದರೆ ಸಾಲದು. ಜೊತೆಗೆ ದೋಣಿಯ ಅನುಭವ ಇರುವ ಇನ್ನೊಬ್ಬರ ಹೆಸರನ್ನೂ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ನಿಮ್ಮ ಹೆಂಡತಿ ಎಂದಾದರೂ ಹಗ್ಗ ಹಿಡಿದಿದ್ದಾರಾ?

ಐಂಡ್‌ಹೋವನ್ ಹೈದ

ಕೋರ್ಸ್‌ನಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ಅವಳದ್ದೇ ಸರ್. ಲೈಸೆನ್ಸ್‌ಗೆ ಅರ್ಜಿ ಹಾಕಿಲ್ಲ ಅಷ್ಟೇ.

ಪುಟ್ಟಿಯಮ್ಮ

ಗಂಡಸರೆಲ್ಲ ಲಂಗರು, ಸರಪಳಿ ಅಂತ ಕೂತಿದ್ದೀರಿ. ಐದು ಜನ ಒಂದು ವಾರ ಅದರೊಳಗೆ ಬದುಕಬೇಕಲ್ಲ, ಅದನ್ನು ನಾನು ಹೇಳುತ್ತೇನೆ.

ಮೊದಲನೆಯದು ಟಾಯ್ಲೆಟ್. ಹೊಟ್ಟೆಯಿಂದ ಬಂದದ್ದು ಬಿಟ್ಟು ಬೇರೇನೂ ಅದರೊಳಗೆ ಹೋಗಬಾರದು, ಪೇಪರ್ ಕೂಡ. ಕಟ್ಟಿಕೊಂಡರೆ ಬಿಡಿಸುವವರು ನೀವೇ. ದೊಡ್ಡವರು ಚೊಂಬು ಎಲ್ಲಿ ಅಂತ ಕೇಳುತ್ತಾರೆ. ಬೇಸಿನ್ನಿನ ನಲ್ಲಿ ಎಳೆದರೆ ಪೈಪಿನ ಸಮೇತ ಹೊರಗೆ ಬರುತ್ತದೆ, ಅದನ್ನೇ ತೋರಿಸಿ. ನಮ್ಮತ್ತೆಗೆ ಇಡೀ ದೋಣಿಯಲ್ಲಿ ಇಷ್ಟವಾದ ವಸ್ತು ಅದೊಂದೇ.

ನೀರು. ಟ್ಯಾಂಕಿನಲ್ಲಿ ಇರುವುದು ಮುನ್ನೂರು, ನಾನೂರು ಲೀಟರ್. ಮೈಸೂರಿನ ಥರ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿದರೆ ಎರಡನೇ ದಿನಕ್ಕೆ ಖಾಲಿ. ಸಮುದ್ರದಲ್ಲಿ ಈಜಿ, ಹಿಂಭಾಗದ ಶವರ್‌ನಲ್ಲಿ ಒಂದು ನಿಮಿಷ ತೊಳೆದುಕೊಳ್ಳಿ.

ಅಡುಗೆ. ಒಲೆ ದೋಣಿಯ ಜೊತೆ ತೂಗಾಡುತ್ತದೆ, ಪಾತ್ರೆಗೆ ಹಿಡಿಕೆ ಇರುತ್ತದೆ. ಅಡುಗೆ ಆದ ಕೂಡಲೇ ಗ್ಯಾಸನ್ನು ಸಿಲಿಂಡರ್ ಹತ್ತಿರವೇ ಬಂದ್ ಮಾಡಿ. ಸಣ್ಣ ಕುಕ್ಕರ್ ತೆಗೆದುಕೊಂಡು ಹೋಗಿ, ಆದರೆ ಪಕ್ಕದ ದೋಣಿಯವರಿಗೆ ಮೊದಲೇ ಹೇಳಿ. ಈಜಿನಾದಲ್ಲಿ ನಮ್ಮ ಎರಡನೇ ವಿಷಲ್‌ಗೆ ಪಕ್ಕದ ಜರ್ಮನ್ ಯಜಮಾನರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಮ್ಮ ದೋಣಿಗೆ ಹಾರಿಬಿಟ್ಟರು. ಆಮೇಲೆ ಅವರಿಗೂ ಬಿಸಿಬೇಳೆಭಾತ್ ಬಡಿಸಿದೆವು.

ಹೊರಗೆ ಊಟಕ್ಕೆ ತೊಂದರೆ ಇಲ್ಲ. ಫಾವ ಅಂತ ಕೇಳಿ, ಹಳದಿ ಬೇಳೆ ಬೇಯಿಸಿ ಮಸೆದದ್ದು. ಒಗ್ಗರಣೆ ಇಲ್ಲದ ತೊವ್ವೆ ಅಂದುಕೊಳ್ಳಿ. ಹೋರ್ತ ಅಂದರೆ ಬೇಯಿಸಿದ ಸೊಪ್ಪು, ಮೇಲೆ ಆಲಿವ್ ಎಣ್ಣೆ, ನಿಂಬೆಹುಳಿ. ಗಿಗಾಂತೆಸ್ ಅಂದರೆ ಟೊಮೆಟೊ ಗೊಜ್ಜಿನಲ್ಲಿ ಬೆಂದ ದಪ್ಪ ಬಿಳಿ ಕಾಳು. ನಿಸ್ಟಿಸಿಮೊ ಅಂದರೆ ಅವರ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಇರಲ್ಲ. ಆದರೆ ಸಿಗಡಿ, ಕಪ್ಪೆಚಿಪ್ಪು ಅವರ ಉಪವಾಸಕ್ಕೆ ನಡೆಯುತ್ತದೆ, ಅದನ್ನು ಕೇಳಿಕೊಂಡೇ ತಿನ್ನಿ.

ಹೊಟ್ಟೆ ತೊಳಸುವವರನ್ನು ಒಳಗೆ ಮಲಗಿಸಬೇಡಿ. ಹೊರಗೆ ಕೂರಿಸಿ, ದೂರದ ನೆಲ ನೋಡಲಿ. ಶುಂಠಿ ಅಗಿಯಲಿ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿಕೊಂಡು, ಹೊರಡುವ ಮುಂಚೆಯೇ ಕೊಡಿ. ವಾಂತಿ ಶುರುವಾದ ಮೇಲೆ ಮಾತ್ರೆ ನಿಲ್ಲಲ್ಲ. ಚುಕ್ಕಾಣಿ ಕೊಟ್ಟರೆ ಕೆಲವರಿಗೆ ಸರಿಹೋಗುತ್ತದೆ, ನಮ್ಮತ್ತೆಗೆ ಹೋಯಿತು. ಆಮೇಲೆ ಅವರು ಬಿಟ್ಟುಕೊಡಲಿಲ್ಲ ಅನ್ನೋದು ಬೇರೆ ಕಥೆ.

ಬಸವನಗುಡಿ ಬುದ್ಧಿವಂತ

ಬಿಸಿಬೇಳೆಭಾತ್ ಅಂದಮೇಲೆ ನನಗೂ ಆಸೆ ಬಂತು. ಲೈಸೆನ್ಸ್ ಇಲ್ಲದವರು ಏನು ಮಾಡಬೇಕು?

ಕಡಲ ಕಾಗೆ

ಸ್ಕಿಪ್ಪರನ್ನು ಹಿಡಿಯಿರಿ. ನಾವು ಮೊದಲ ಸಲ ದಿನಕ್ಕೆ 200 ಯೂರೋ ಕೊಟ್ಟೆವು, ಅವನ ಊಟ ನಮ್ಮದು, ಒಂದು ಕೋಣೆಯೂ ಅವನಿಗೆ. ದುಬಾರಿ ಅನಿಸಿತು. ಮೇಲೆ ಹೇಳಿದ 600ರ ಗೀರು ಮಾತ್ರ ಆ ಸಲ ಆಗಲಿಲ್ಲ.

ಐಂಡ್‌ಹೋವನ್ ಹೈದ

(ಸೆಪ್ಟೆಂಬರ್ ಕೊನೆ)

ಹೋಗಿ ಬಂದೆವು. ಇದು ವರದಿ.

ಭಾನುವಾರ ಈಜಿನಾ. ಮೂರು ಗಂಟೆ ಎಂಜಿನ್ ಮೇಲೆ, ಗಾಳಿಯೇ ಇಲ್ಲ. ಅಪ್ಪ "ಹಾಯಿದೋಣಿ ಅಂದೆ, ಇದು ಡೀಸೆಲ್ ಆಟೋ ಥರ ಇದೆಯಲ್ಲೋ" ಅಂದರು. ಧಕ್ಕೆಯಲ್ಲಿ ಪಿಸ್ತಾ ಕೊಂಡೆವು, ಆ ದ್ವೀಪ ಪಿಸ್ತಾಕ್ಕೇ ಹೆಸರುವಾಸಿ.

ಸೋಮವಾರ ಪಾಲೆಯಾ ಎಪಿದಾವ್ರೋಸ್. ಮಂಗಳವಾರ ಗಾಳಿ 6 ಅಂತ ಇತ್ತು. ಹೊರಡೋಣ ಅಂತ ನಾನು, ಬೇಡ ಅಂತ ಹೆಂಡತಿ. ಅಲ್ಲೇ ಉಳಿದೆವು. ಟ್ಯಾಕ್ಸಿ ಹಿಡಿದು ಹಳೆಯ ಬಯಲು ರಂಗಮಂದಿರಕ್ಕೆ ಹೋದೆವು. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮೆಟ್ಟಿಲುಗಳು. ಮೇಲಿನ ಸಾಲಿನಲ್ಲಿ ಅಪ್ಪ ಅಮ್ಮ ಕೂತರು, ಕೆಳಗೆ ನಡುವೆ ನಿಂತು ನಾನು ಒಂದು ಚೀಟಿ ಹರಿದೆ. ಅಮ್ಮನಿಗೆ ಕೇಳಿಸಿತಂತೆ. ಅಪ್ಪನಿಗೆ ಕೇಳಿಸಲಿಲ್ಲ. ಅಪ್ಪನಿಗೆ ಮನೆಯಲ್ಲೂ ಕೇಳಿಸುವುದಿಲ್ಲ.

ಬುಧವಾರ ಪೋರೋಸ್. ಮಧ್ಯಾಹ್ನ ಕೊನೆಗೂ ಗಾಳಿ ಬಂತು, ನಾಲ್ಕು ಗಂಟೆ ಹಾಯಿಯ ಮೇಲೇ ಹೋದೆವು. ಎಂಜಿನ್ ಆರಿಸಿದ ಕ್ಷಣ ಅಪ್ಪ ಮಾತು ನಿಲ್ಲಿಸಿದರು. ನೀರು ದೋಣಿಯ ಪಕ್ಕೆ ಸವರುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆದರೆ ಧಕ್ಕೆಗೆ ಬರುವಾಗ ಗಾಳಿ ಅಡ್ಡ ಹೊಡೆಯಿತು. ಮೊದಲ ಸಲ ಮೂತಿ ತಿರುಗಿಹೋಯಿತು. ಎರಡನೇ ಸಲ ಲಂಗರು ಜಾರಿತು. ಮೂರನೇ ಸಲಕ್ಕೆ ಚುಕ್ಕಾಣಿ ಹೆಂಡತಿಗೆ ಕೊಟ್ಟು ನಾನು ಲಂಗರಿಗೆ ಹೋದೆ, ಒಂದೇ ಏಟಿಗೆ ಕೂತಿತು. ಆಮೇಲೆ ವಾರವಿಡೀ ಅದೇ ವ್ಯವಸ್ಥೆ.

ಗುರುವಾರ ಹಿದ್ರಾ. ಕಾರು, ಬೈಕು ಇಲ್ಲದ ಊರು, ಸಾಮಾನು ಹೊರುವುದು ಹೇಸರಗತ್ತೆ. ಮಗಳು ಅವುಗಳ ಹತ್ತಿರವೇ ಸಂಜೆ ಕಳೆದಳು. ಎರಡು ಗಂಟೆಗೆ ತಲುಪಿದರೂ ಜಾಗ ಸಿಕ್ಕಿದ್ದು ಎರಡನೇ ಸಾಲಿನಲ್ಲಿ, ಬೇರೆಯವರ ದೋಣಿ ದಾಟಿ ಧಕ್ಕೆಗೆ ಹೋಗಬೇಕು. ಅಮ್ಮ ಸೀರೆ ಎತ್ತಿಕಟ್ಟಿ ದಾಟಿದರು, ಇಟಲಿಯವರು ಕೈ ಕೊಟ್ಟರು.

ಶುಕ್ರವಾರ ಬೆಳಗ್ಗೆ ಆರಕ್ಕೆ ಲಂಗರು ಎತ್ತಿದರೆ ರಂಗಣ್ಣ ಹೇಳಿದ್ದೇ ಆಯಿತು. ಒಂದಲ್ಲ, ಎರಡು ಸರಪಳಿ. ನಿಮ್ಮ ಬರಹವನ್ನು ಫೋನಿನಲ್ಲಿ ತೆಗೆದು ಮಗಳು ಜೋರಾಗಿ ಓದಿದಳು, ನಾನು ಹೊಟ್ಟೆ ಮೇಲೆ ಮಲಗಿ ಹಗ್ಗ ತೂರಿಸಿದೆ. "ಒಂದು ಮೀಟರ್ ಕೆಳಗೆ ಬಿಡಿ" ಅಂತ ಅವಳು ಓದಿದಾಗ ಬಿಟ್ಟೆ. ಮೊದಲನೆಯದು ಕಳಚಿತು. ಎರಡನೆಯದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಲಿಮೋಸ್ ಸೇರಿದಾಗ ಸಂಜೆ ಐದೂವರೆ, ಡೀಸೆಲ್‌ಗೆ ಹತ್ತು ದೋಣಿಯ ಸಾಲು. ವಾರಕ್ಕೆ ನಮಗೆ ಬೇಕಾದದ್ದು 58 ಲೀಟರ್. ಡಿಪಾಸಿಟ್ ಪೂರ್ತಿ ವಾಪಸ್ ಬಂತು, ಕಾಗೆಯವರಿಗೆ ಥ್ಯಾಂಕ್ಸ್.

ಮಲ್ಪೆ ಮಾಣಿ

ಚುಕ್ಕಾಣಿ ಅವರಿಗೆ ಕೊಟ್ಟದ್ದು ಒಳ್ಳೆಯದಾಯ್ತು ಮಾರಾಯ್ರೆ. ಲೈಸೆನ್ಸ್‌ಗೂ ಅರ್ಜಿ ಹಾಕಿಸಿ.

ಪುಟ್ಟಿಯಮ್ಮ

ಕುಕ್ಕರ್ ತೆಗೆದುಕೊಂಡು ಹೋಗಿದ್ದಿರಾ? ಅದನ್ನೇ ಬರೆದಿಲ್ಲ.

ಐಂಡ್‌ಹೋವನ್ ಹೈದ

ಹೋಗಿದ್ದೆವು ಮೇಡಂ. ಪೋರೋಸ್‌ನಲ್ಲಿ ಮೂರು ವಿಷಲ್. ಯಾರೂ ಬರಲಿಲ್ಲ, ಒಂದು ಬೆಕ್ಕು ಬಂತು.

ಬಸವನಗುಡಿ ಬುದ್ಧಿವಂತ

ರಂಗಣ್ಣ, ನಾವು ನಾಲ್ಕು ಜನ ಸ್ನೇಹಿತರು, ಸ್ಕಿಪ್ಪರ್ ಜೊತೆ ಅಕ್ಟೋಬರ್ ಕೊನೆಗೆ ಹೋದರೆ ಹೇಗೆ? ಬಾಡಿಗೆ ಅರ್ಧಕ್ಕರ್ಧ ಕಡಿಮೆ ತೋರಿಸುತ್ತಿದೆ.

ಲಂಗರು ರಂಗಣ್ಣ

ಕಡಿಮೆ ಇರುವುದಕ್ಕೆ ಕಾರಣ ಇದೆ. ಮೆಲ್ಟೆಮಿ ಆಗ ಇರುವುದಿಲ್ಲ, ತೆಂಕಣ ಗಾಳಿ ಶುರುವಾಗುತ್ತದೆ. ಉತ್ತರಕ್ಕೆ ಮರೆಯಿರುವ ಕೊಲ್ಲಿಗಳೆಲ್ಲ ತೆಂಕಣ ಗಾಳಿಗೆ ಬಾಯಿ ತೆರೆದುಕೊಂಡಿರುತ್ತವೆ. ಸಿಡಿಲು ಮಳೆ ಬರಬಹುದು, ಆರು ಗಂಟೆಗೆಲ್ಲ ಕತ್ತಲು. ನೀರು ಮಾತ್ರ ಇನ್ನೂ ಬೆಚ್ಚಗೆ ಇರುತ್ತದೆ, ಧಕ್ಕೆಯಲ್ಲಿ ಜಾಗವೂ ಸಿಗುತ್ತದೆ. ತಿಂಗಳ ಮೊದಲ ವಾರಕ್ಕೆ ಆಗುತ್ತಾ ನೋಡಿ. ನಾಲ್ಕು ಜನರಲ್ಲಿ ಅಡುಗೆ ಯಾರಿಗೆ ಬರುತ್ತೆ?